ಮೆಚ್ಚಿನ ಕಾದಂಬರಿ ಮತ್ತು ಸಹವಾಚಕ

ಗದ್ಯದಲ್ಲಿ ಬರೆದ ದೀರ್ಘವಾದ ಕಲ್ಪಿತ ಕಥೆಯನ್ನು ನಾವು ಕಾದಂಬರಿ ಎಂದು ಕರೆಯುತ್ತೇವೆ. ಮರಾಠಿಗರೂ ಹಾಗೆಯೇ ಕರೆಯುತ್ತಾರೆ. ಬಂಗಾಳಿ ಹಿಂದಿಗಳಲ್ಲಿ ಇದಕ್ಕೆ ಉಪನ್ಯಾಸವೆಂದು ಹೆಸರು. ತೆಲುಗಿನಲ್ಲಿ ನವಲ, ಗುಜರಾತಿಯಲ್ಲಿ ನವಲಕಥಾ. ಈ ಹೆಸರುಗಳೆಲ್ಲ ಒಂದು ಜಾತಿಯ ಬರಹವನ್ನು ಸೂಚಿಸತಕ್ಕವು. ನಮ್ಮದು ಹಾಗಲ್ಲ, ಅದು ಒಂದೇ ಒಂದು ಪುಸ್ತಕದ ಹೆಸರು, ಆ ಪುಸ್ತಕದ ನಾಯಿಕೆಯ ಹೆಸರು. ಬಾಣಭಟ್ಟನು ಬರೆಯತೊಡಗಿ ಮುಗಿಸಲಾರದೆ ಹೋದುದನ್ನು ಅವನ ಮಗನು ಪೂರ್ತಿಗೊಳಿಸಿದನು. ನಾಗವರ್ಮನು ಅದನ್ನು ಚಂಪುವಾಗಿ ಕನ್ನಡಕ್ಕೆ ತಂದನು. ನೂರಾರು ವರ್ಷ ವಿದ್ವಾಂಸರು ಒಬ್ಬರಿಗೊಬ್ಬರು ಮೆಚ್ಚಿ ಹೇಳುತ್ತ ಬಂದ ಆ ಕಥೆಯ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲಿ, ಪಶ್ಚಿಮದಿಂದ ಬಂದ ಹೊಸ ಪ್ರಕಾರವೊಂದಕ್ಕೆ ಹೆಸರು ಬೇಕಾದಾಗ, ತಾನಾಗಿ ಬಾಯಿಗೆ ಬಂದಿತು. ಲಕ್ಷಣವನ್ನು ನಿರೂಪಿಸಿ ಇಟ್ಟ ಹೆಸರು ಇದಲ್ಲ. ‘ಆ ಕಾದಂಬರಿ ಇದೆಯಲ್ಲ, ಅಂಥದು’ ಎಂದು ಪರಿಚಿತವಾದ ಮೆಚ್ಚಿನ ವಸ್ತುವನ್ನು ತೋರಿಸಿ ಅಪರಿಚಿತವನ್ನು ತಿಳಿಸಿಕೊಟ್ಟ ಹೆಸರು. ಒಬ್ಬ ಓದುಗನು ಇನ್ನೊಬ್ಬನಿಗೆ ಪುಸ್ತಕವನ್ನು ಹೇಳುವ ರೀತಿಯೂ ಇದೇ ಅಲ್ಲವೆ?

ಪ್ರಕೃತ ಪ್ರಬಂಧದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಈ ಹೇಳುವಿಕೆಯನ್ನು. ತನಗೆ ಹಿಡಿಸಿದ ಕಾದಂಬರಿಯನ್ನೋ ಕಾದಂಬರೀಕಾರನನ್ನೋ ಒಬ್ಬ ವಾಚಕನು ಸಹವಾಚಕನಿಗೆ ಹೇಳಿಕೊಳ್ಳುವುದು ಸಾಹಿತ್ಯಾಭ್ಯಾಸದ ಹೊರಗಣ ವಿನೋದವೆಂದೇ ನಮ್ಮ ವಿಭಾಗಗಳು ಸಾಮಾನ್ಯವಾಗಿ ಎಣಿಸಿವೆ. ವಿಮರ್ಶೆಯೆಂದರೆ ಮೆಚ್ಚುಗೆಯನ್ನು ಬದಿಗಿಟ್ಟ ಮೇಲೆ ಆರಂಭವಾಗತಕ್ಕದ್ದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಾವು ಇದನ್ನು ಒಪ್ಪುವುದಿಲ್ಲ. ಕನ್ನಡದ ಕಾದಂಬರಿಯ ಮಟ್ಟಿಗಂತೂ ಸಹವಾಚಕರ ಈ ಮಾತೇ ವಿಮರ್ಶೆಯ ಮೊದಲ ರೂಪ; ಕೆಲವು ವಿಷಯಗಳಲ್ಲಿ ಅದು ನಮ್ಮ ಲಿಖಿತ ವಿಮರ್ಶೆಗಿಂತ ಹೆಚ್ಚು ಕಂಡಿದೆಯೆಂಬುದು ನಮ್ಮ ಅಭಿಪ್ರಾಯ.

ಕಾದಂಬರಿಗೆ ಈ ಮಾತು ಏಕೆ ಇಷ್ಟು ಆವಶ್ಯಕವಾಯಿತೆಂಬುದನ್ನು ಮೊದಲು ನೋಡಬೇಕು. ಕುಮಾರವ್ಯಾಸನ ಭಾರತವನ್ನಾಗಲಿ ಲಕ್ಷ್ಮೀಶನ ಜೈಮಿನಿಯನ್ನಾಗಲಿ ನಮ್ಮ ಹಿಂದಿನವರು ಒಂಟಿಯಾಗಿ ಓದಿದ್ದು ಕಡಮೆ. ಗುಡಿಯ ಜಗಲಿಯಲ್ಲಿಯೋ ಹಿರಿಯರೊಬ್ಬರ ಪಡಸಾಲೆಯಲ್ಲಿಯೋ ಒಬ್ಬರು ವಾಚಿಸುವರು, ಮತ್ತೊಬ್ಬರು ಅರ್ಥ ಹೇಳುವರು, ಊರು ಕುಳಿತು ಕೇಳುವುದು. ಅಲ್ಲಿ ಮೆಚ್ಚುಗೆಯನ್ನು ಬೇರೆಯಾಗಿ ಹಂಚಿಕೊಳ್ಳಬೇಕಾದ ಅಗತ್ಯವಿರಲಿಲ್ಲ. ತಲೆದೂಗಿದವನನ್ನು ಪಕ್ಕದವನು ಕಂಡೇ ಇರುತ್ತಿದ್ದನು. ಕಣ್ಣೀರು ಬಂದರೆ ಹತ್ತು ಮಂದಿಗೆ ಒಟ್ಟಿಗೇ ಬರುತ್ತಿತ್ತು. ಅಚ್ಚಿನ ಯಂತ್ರ ತಂದುಕೊಟ್ಟ ಕಾದಂಬರಿ ಈ ಕೂಟವನ್ನು ಚದರಿಸಿತು. ಮೊದಮೊದಲು ಅದನ್ನೂ ಮನೆಗಳಲ್ಲಿ ಒಬ್ಬರು ಓದಿ ಉಳಿದವರು ಕೇಳುವುದಿತ್ತಾದರೂ, ಅದರ ಸ್ವಭಾವವೇ ಏಕಾಂತದ ಓದನ್ನು ಬಯಸುವಂಥದು. ಮೂರು ನೂರು ಪುಟಗಳ ಕಾಲ ಒಬ್ಬರೇ ಒಂದು ಮನೆಯ ಸುಖದುಃಖಗಳೊಡನೆ ಇದ್ದು, ಪುಸ್ತಕ ಮುಚ್ಚಿದಾಗ ಆ ಮನೆಯನ್ನು ಬಲ್ಲವರು ಸುತ್ತಮುತ್ತ ಯಾರೂ ಇಲ್ಲವೆಂಬುದು ಕಾದಂಬರಿಯನ್ನು ಓದುವವರೆಲ್ಲರಿಗೂ ಪರಿಚಿತವಾದ ಒಂದು ಬಗೆಯ ಸಂಕಟ. ಹೃದಯಸಂವಾದವೆಂದು ನಮ್ಮ ಆಲಂಕಾರಿಕರು ಹೇಳಿದ್ದು ಕಾವ್ಯಕ್ಕೂ ಸಹೃದಯನಿಗೂ ನಡುವಣ ಸಂಬಂಧವನ್ನು. ಕಾದಂಬರಿಯ ಸಹೃದಯನಿಗೆ ಅಷ್ಟು ಸಾಲದು; ಅವನಿಗೆ ಇನ್ನೊಬ್ಬ ಸಹೃದಯ ಬೇಕು. ಗಮಕಸಭೆಯಲ್ಲಿ ಓದಿನೊಡನೆಯೇ ಇದ್ದ ಸಹವಾಸವನ್ನು ಅವನು ಓದಿನ ಅನಂತರ ಹುಡುಕಿಕೊಂಡು ಹೋಗಬೇಕು.

ಕನ್ನಡ ಕಾದಂಬರಿಯ ಆರಂಭದ ಚರಿತ್ರೆ ಹೀಗೆ ಹುಡುಕಿಕೊಂಡು ಹೋದವರ ಚರಿತ್ರೆಯೇ ಆಗಿದೆ. ಬಿ. ವೆಂಕಟಾಚಾರ್ಯರನ್ನು (1845–1914) ನಾವು ಅನುವಾದಕರೆಂದು ಒಂದು ಮಾತಿನಲ್ಲಿ ಹೇಳಿ ಮುಂದುವರಿಯುತ್ತೇವೆ. ಆದರೆ ಅವರು ಮಾಡಿದ ಕಾರ್ಯವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಷೇಕ್ಸ್‌ಪಿಯರನ ಪ್ರಹಸನವೊಂದನ್ನು ಮೆಚ್ಚಿದ ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಅದನ್ನು ‘ಭ್ರಾಂತಿವಿಲಾಸ’ವೆಂಬ ಕಥಾರೂಪದಲ್ಲಿ ಬಂಗಾಳಿಗರಿಗೆ ಕೊಟ್ಟರು, ಅದನ್ನು ಮೆಚ್ಚಿದ ವೆಂಕಟಾಚಾರ್ಯರು ಕೆಲವೇ ವರ್ಷಗಳಲ್ಲಿ ಕನ್ನಡಿಗರಿಗೆ ಕೊಟ್ಟರು. ಬಳಿಕ ಬಂಕಿಮಚಂದ್ರರ ಕಾದಂಬರಿಗಳು ಒಂದರ ಹಿಂದೊಂದು ಬಂದವು. ದೂರದ ಭಾಷೆಯೊಂದನ್ನು ಕಲಿತು, ಅಲ್ಲಿ ತನಗೆ ದೊರೆತ ಸಂತೋಷವನ್ನು ತನ್ನ ನಾಡಿನವರಿಗೆ ದಾಟಿಸದೆ ಇರಲಾರದ ಓದುಗನೊಬ್ಬನು ಈ ಅನುವಾದಗಳ ಹಿಂದೆ ಇದ್ದಾನೆ. ಭಾಷಾಂತರದ ಗುಣದೋಷಗಳನ್ನು ಎತ್ತಿ ಆಡುವಾಗ ನಾವು ಈ ಓದುಗನನ್ನು ಮರೆಯುವುದುಂಟು. ಇದೇ ಮಾತು ತೀರ ಈಚಿನವರೆಗೂ ಸಲ್ಲುತ್ತದೆ: ದೇ. ಜವರೇಗೌಡರು ಟಾಲ್‌ಸ್ಟಾಯ್ ಮಹಾಶಯನ ‘ಪುನರುತ್ಥಾನ’ವನ್ನು ಕನ್ನಡಿಸಿದ್ದೂ, ಜೇನ್ ಆಸ್ಟೆನಳ ಪ್ರಸಿದ್ಧ ಕೃತಿಗೆ ‘ಹಮ್ಮು ಬಿಮ್ಮು’ ಎಂಬ ಅಚ್ಚಗನ್ನಡ ಹೆಸರಿಟ್ಟು ತಂದದ್ದೂ ಮೆಚ್ಚುಗೆಯ ಕೆಲಸಗಳೇ. ಆ ಹೆಸರಿನಲ್ಲಿಯೇ ಒಂದು ವಿಮರ್ಶೆಯಿದೆಯೆಂದು ನಮಗೆ ಅನ್ನಿಸುತ್ತದೆ. ಮೂಲದ ಎರಡು ಗುಣವಾಚಕಗಳನ್ನು ನಿಘಂಟು ಹಿಡಿದು ಭಾಷಾಂತರಿಸಿದ್ದರೆ ನೀತಿಬೋಧೆಯ ವಾಸನೆ ಬರುತ್ತಿತ್ತು. ಹಮ್ಮು ಬಿಮ್ಮು ಎಂದೊಡನೆ ಅದು ನಗುವಿನ ಪುಸ್ತಕವೆಂಬುದು ತಿಳಿದುಹೋಗುತ್ತದೆ.

ಗಳಗನಾಥರ (1869–1942) ವಿಷಯ ಇನ್ನೂ ವಿಶೇಷವಾದುದು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ‘ಮಾಧವ ಕರುಣಾವಿಲಾಸ’ದಂಥ ಸ್ವತಂತ್ರ ಕೃತಿಗಳನ್ನೂ ಬರೆದ ಈ ಮಹನೀಯರು ಪುಸ್ತಕಗಳ ಹೊರೆಯನ್ನು ಹೊತ್ತು ಊರೂರು ತಿರುಗಿ ಮಾರಿದರೆಂಬುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೃತಜ್ಞತೆಯಿಂದ ಹೇಳುವ ಸಂಗತಿ. ಅವರ ಬಡತನಕ್ಕಾಗಿ ಮರುಗುವವರಿದ್ದಾರೆ, ನಾಡಭಕ್ತಿಯನ್ನು ಕೊಂಡಾಡುವವರಿದ್ದಾರೆ. ನಮಗೆ ಅದರಲ್ಲಿ ಮತ್ತೊಂದು ಅಂಶ ಮುಖ್ಯವೆಂದು ತೋರುತ್ತದೆ. ಬಾಗಿಲಿಗೆ ಬಂದು ಪುಸ್ತಕ ಮಾರುವವನು ಎದುರಿಗಿರುವವರ ಮುಖ ನೋಡಿ ಮಾತನಾಡಬೇಕು. ಈ ಮನೆಯವರಿಗೆ ಯಾವುದು ಹಿಡಿಸೀತು, ಇವರ ಮುಂದೆ ಕಥೆಯ ಯಾವ ಭಾಗವನ್ನು ಎತ್ತಿ ಹೇಳಬೇಕು ಎಂಬುದನ್ನು ಅವನು ಆ ಗಳಿಗೆಯಲ್ಲಿಯೇ ನಿರ್ಧರಿಸಬೇಕು. ನಾವು ಲೇಖನಗಳಲ್ಲಿ ಬರೆಯುವ ವಿಮರ್ಶೆಗೆ ಇಂಥ ಮುಖವೊಂದು ಎದುರಿಗಿರುವುದಿಲ್ಲ. ಅದು ಯಾರನ್ನೂ ಉದ್ದೇಶಿಸಿದ್ದಲ್ಲ. ಆದುದರಿಂದಲೇ ಅನೇಕವೇಳೆ ಅದು ಯಾರಿಗೂ ತಲುಪುವುದೂ ಇಲ್ಲ.

ಮುಂದೆ ಈ ಕಾರ್ಯವನ್ನು ಗ್ರಂಥಮಾಲೆಗಳು ಕೈಗೊಂಡವು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯ ಪದ್ಧತಿ ಸರ್ವವಿದಿತವಾದುದು: ಚಂದಾದಾರನು ವರ್ಷದ ಹಣವನ್ನು ಮುಂಗಡವಾಗಿ ತೆತ್ತು, ಮಾಲೆಯವರು ಆರಿಸಿಕೊಟ್ಟ ಪುಸ್ತಕಗಳನ್ನು ಪಡೆಯುವನು. ಅಂಗಡಿಯಲ್ಲಿ ಆಯ್ದುಕೊಳ್ಳುವ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು, ಒಬ್ಬ ಗೆಳೆಯನ ರುಚಿಯನ್ನು ನಂಬಿದ ಹಾಗೆ. 1965ರಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಈ ಮಾಲೆಯಿಂದಲೇ ಹೊರಬಂದಿತು. ಆಚಾರವಂತರ ಮನೆಗಳಿಗೂ ಅದು ವರ್ಷದ ಪುಸ್ತಕಗಳಲ್ಲಿ ಒಂದಾಗಿ ಹೋಗಿ ಸೇರಿತು; ತಾನಾಗಿ ಕೊಳ್ಳದಿದ್ದವನು ಕೂಡ ಬಂದುದನ್ನು ಓದಿ ಜಗಳವಾಡುವಂತಾಯಿತು. ಬಂಧುತ್ವದ ಜಗಳ ಅದು. ಅದೇ ವರ್ಷ ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವಾಯಿತು, ‘ಸುಧಾ’ ವಾರಪತ್ರಿಕೆಯೂ ಹುಟ್ಟಿತು. ಗ್ರಂಥಾಲಯದ ಎರವಲು ಪುಸ್ತಕ, ವಾರವಾರದ ಧಾರಾವಾಹಿ, ಬಾಡಿಗೆಗೆ ಪುಸ್ತಕ ಕೊಡುವ ಚಿಕ್ಕ ಅಂಗಡಿ, ಇವುಗಳಿಂದ ಬೆಳೆದ ವಾಚಕವರ್ಗದ ವಿಷಯವನ್ನು ಪ್ರತ್ಯೇಕವಾಗಿಯೇ ಬರೆಯಬೇಕಾದೀತು.

ಇಷ್ಟು ಹೇಳಿದ ಮೇಲೆ ಮೆಚ್ಚುಗೆಯ ಮಾತಿನೊಳಗೆ ಏನಿರುತ್ತದೆಂಬುದನ್ನು ಪರೀಕ್ಷಿಸಬೇಕು. ಅದರಲ್ಲಿ ಎರಡು ಬಗೆಯುಂಟು, ಬೆರಸಿದರೆ ತೊಡಕಾಗುತ್ತದೆ. ‘ನನಗೆ ಅನಕೃ ಅಂದರೆ ಪ್ರಾಣ’ ಎನ್ನುವುದು ಒಂದು. ‘ನನಗೆ ಸಂಧ್ಯಾರಾಗ ಬಲು ಹಿಡಿಸಿತು’ ಎನ್ನುವುದು ಇನ್ನೊಂದು. ಮೊದಲಿನದು ನಿಷ್ಠೆ, ಎರಡನೆಯದು ತೀರ್ಮಾನ. ಅ. ನ. ಕೃಷ್ಣರಾಯರು (1908–1971) ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದರು. ಅವರನ್ನು ಕಾದಂಬರೀ ಸಾರ್ವಭೌಮರೆಂದು ಕರೆದ ಓದುಗರು ಆ ನೂರನ್ನೂ ಸಮನಾಗಿ ಮೆಚ್ಚಿದರೆಂದು ತಿಳಿಯಲಾಗದು. ಕನ್ನಡ ಓದಲು ಬಾರದೆಂದು ನಾಚದಿದ್ದ ವಿದ್ಯಾವಂತರು ತುಂಬಿದ್ದ ಕಾಲದಲ್ಲಿ, ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯುವುದು ಮರ್ಯಾದೆಯ ವಿಷಯವೆಂಬ ಧೈರ್ಯವನ್ನು ಅವರು ಕೊಟ್ಟರು. ಆ ಋಣಕ್ಕೆ ಸಂದ ನಿಷ್ಠೆ ಅದು. ಹೀಗಿದ್ದೂ, 1950ರ ಆಸುಪಾಸಿನಲ್ಲಿ ವೇಶ್ಯಾಜೀವನವನ್ನು ಕುರಿತ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಹೊರಬಂದು ಅಶ್ಲೀಲತೆಯ ವಿವಾದ ಎದ್ದಾಗ ಅವರ ನಿಷ್ಠಾವಂತರಲ್ಲಿಯೂ ಎರಡು ಪಕ್ಷವಾಯಿತು. ಗ್ರಂಥಕರ್ತರೇ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನು ಬರೆದು ಉತ್ತರ ಕೊಡಬೇಕಾಯಿತು. ಗಾಯಕನ ಬಾಳನ್ನು ಚಿತ್ರಿಸುವ ‘ಸಂಧ್ಯಾರಾಗ’ವನ್ನೇ ಅವರ ಓದುಗರು ಮತ್ತೆ ಮತ್ತೆ ಹೆಸರಿಸುತ್ತ ಬಂದಿರುವುದು ಆಕಸ್ಮಿಕವಲ್ಲ. ಇತರ ಅನೇಕ ಕೃತಿಗಳಲ್ಲಿ ಅನಕೃ ಅವರ ಪಾತ್ರಗಳು ವೇದಿಕೆಯನ್ನು ಏರಿದವರಂತೆ ಮಾತನಾಡುತ್ತವೆ. ಇಲ್ಲಿ ಮಾತು ನಿಲ್ಲಬೇಕಾದ ಕಡೆಯಲ್ಲಿ ಸಂಗೀತವಿದೆ. ಲೇಖಕರ ದೋಷಕ್ಕೆ ವಸ್ತುವೇ ಔಷಧವಾಗಿದೆ. ಇದನ್ನು ಈ ಮಾತುಗಳಲ್ಲಿ ಹೇಳದ ಸಾಮಾನ್ಯ ವಾಚಕನು ಆಯ್ಕೆಯಿಂದಲೇ ಹೇಳಿದ್ದಾನೆ.

ಈ ಬಗೆಯ ಮೂಕವಾದ ವಿಮರ್ಶೆಗೆ ನಮಗೆ ತಿಳಿದ ಅತ್ಯುತ್ತಮ ಉದಾಹರಣೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಈ ಕಾದಂಬರಿಯ ವಿಷಯವನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವಾಗ ಮೊದಲ ವಾಕ್ಯ ನಿಶ್ಚಿತವಾದುದು: ಇದು ಮೂರು ತಲೆಮಾರುಗಳ ಕಥೆ. ರಾಮ ಐತಾಳ, ಅವನ ಮಗ ಲಚ್ಚ, ಲಚ್ಚನ ಮಗ ರಾಮ. ಮಣ್ಣನ್ನು ಹಿಡಿದವನು, ಬಿಟ್ಟವನು, ಮರಳಿದವನು. ಸಾಹಿತ್ಯಚರಿತ್ರೆಗಳೂ ಹೀಗೆಯೇ ಹೇಳುತ್ತವೆ. ಹೆಸರೂ ಅದಕ್ಕೆ ಅನುಕೂಲವಾಗಿದೆ. ಈ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಕಾದಂಬರಿಯನ್ನು ಓದಿ ಮೆಚ್ಚಿದವರು ಇನ್ನೊಬ್ಬ ಓದುಗರನ್ನು ಕಂಡಾಗ ಮಾತು ಈ ಮೂವರಿಂದ ಆರಂಭವಾಗುವುದನ್ನು ನಾವು ಕಂಡದ್ದು ಅಪರೂಪ. ‘ಆ ಪಾರೋತಿ, ಸರಸೋತಿ’ ಎಂದೇ ಆರಂಭ. ಮಕ್ಕಳಿಲ್ಲದ ಹೆಂಡತಿ, ವಿಧವೆಯಾದ ತಂಗಿ. ಮನೆಗೆ ಮತ್ತೊಬ್ಬ ಹೆಂಡತಿ ಬಂದ ಮೇಲೂ ಗದ್ದೆ, ಹಿತ್ತಿಲು, ಕಡಲ ತಡಿ ಎಂದು ದುಡಿಯುತ್ತಲೇ ಇರುವ ಇಬ್ಬರು ಹೆಂಗಸರು. ಬಳಿಕ ನಾಗವೇಣಿಯ ಮಾತು ಬರುತ್ತದೆ: ಲಚ್ಚನನ್ನು ಕೈಹಿಡಿದು, ಅವನಿಂದ ಪಡಬಾರದುದನ್ನು ಪಟ್ಟು, ಮಗನನ್ನು ಬೆಳಸಿದವಳು. ಮೂವರು ಗಂಡಸರನ್ನು ಎಣಿಸಿದರೆ ಕಥೆಯಲ್ಲಿ ಬಿರುಕು ಕಾಣುತ್ತದೆ. ಮಧ್ಯದವನು ಕೆಟ್ಟನು, ಮನೆ ಮುರಿಯಿತು, ಕೊನೆಯವನು ಕಟ್ಟಿದನು. ಹೆಂಗಸರನ್ನು ಎಣಿಸಿದರೆ ಬಿರುಕೇ ಇಲ್ಲ. ಒಬ್ಬರ ಕೈಯ ಕೆಲಸ ಇನ್ನೊಬ್ಬರ ಕೈಗೆ ಬಂದಿದೆ. ಮೊಮ್ಮಗನು ಮರಳಿ ಬರುವುದಕ್ಕೆ ಮಣ್ಣು ಉಳಿದದ್ದು ಅವರಿಂದ. ‘ಮರಳಿ’ ಎಂಬ ಪದ ಗಂಡಸರಿಗೆ ಮಾತ್ರ ಅನ್ವಯಿಸತಕ್ಕದ್ದು. ಹೆಂಗಸರು ಹೋಗಿಯೇ ಇರಲಿಲ್ಲ. ಕಾದಂಬರಿಯ ರಚನೆಯನ್ನು ಕುರಿತ ಈ ಸಂಗತಿಯನ್ನು ನಮ್ಮ ಪಾಠದ ವಾಕ್ಯ ಮರೆಸಿತು, ಓದುಗರ ನೆನಪು ಉಳಿಸಿತು.

ಅದೇ ಕಾರಂತರ ‘ಬೆಟ್ಟದ ಜೀವ’ (1943) ಇದಕ್ಕಿಂತ ಬಹಳ ಚಿಕ್ಕದು. ಮಹತ್ತ್ವದ ಶ್ರೇಣಿಯನ್ನು ಹಾಕುವವರು ಅದನ್ನು ಒಂದೆರಡು ಮೆಟ್ಟಿಲು ಕೆಳಗೇ ಇಡುತ್ತಾರೆ. ಹಾಗಾದರೂ ಕಾರಂತರನ್ನು ಓದಿರದವರ ಕೈಗೆ ಮೊದಲು ಯಾವುದನ್ನು ಕೊಡಬೇಕೆಂದರೆ ಅನೇಕರು ಕೊಡುವುದು ಅದನ್ನೇ. ಕಾಡನ್ನು ಕಡಿದು ತೋಟ ಮಾಡಿದ ಗೋಪಾಲಯ್ಯ ದಂಪತಿಗಳು, ಮನೆ ಬಿಟ್ಟುಹೋದ ಮಗ, ಆ ಮಗನ ಹೆಸರನ್ನು ಎತ್ತದೆ ಅವನ ಸುತ್ತಲೇ ತಿರುಗುವ ಮಾತುಕತೆ. ಶ್ರೇಷ್ಠವಾದುದನ್ನು ಹೇಳುವುದು ಬೇರೆ, ಮೊದಲು ಓದಬೇಕಾದುದನ್ನು ಹೇಳುವುದು ಬೇರೆ ಎಂಬ ವಿವೇಕ ಇಲ್ಲಿದೆ. ಪಠ್ಯಪುಸ್ತಕ ಸಮಿತಿಗಳಲ್ಲಿ ಈ ವಿವೇಕ ಇನ್ನಷ್ಟು ಇದ್ದಿದ್ದರೆ ಒಳ್ಳೆಯದಿತ್ತು.

ಈಗ ತ್ರಿವೇಣಿಯವರ ವಿಷಯಕ್ಕೆ ಬರುತ್ತೇವೆ. ನಮ್ಮ ವಾದದ ಭಾರವೆಲ್ಲ ಇಲ್ಲಿಯೇ ಇದೆ. 1928ರಲ್ಲಿ ಹುಟ್ಟಿ, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಈ ಲೇಖಕಿ ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದರು. ‘ಬೆಕ್ಕಿನ ಕಣ್ಣು’, ‘ಹಣ್ಣೆಲೆ ಚಿಗುರಿದಾಗ’, ‘ಬೆಳ್ಳಿಮೋಡ’, ‘ಶರಪಂಜರ’ ಇವುಗಳ ಹೆಸರನ್ನು ಕೇಳದ ಕನ್ನಡ ಮನೆ ಒಂದು ಕಾಲಕ್ಕೆ ವಿರಳವಾಗಿತ್ತು. ಮಧ್ಯಾಹ್ನದ ಕೆಲಸ ತೀರಿದ ಮೇಲೆ ಓದಿ, ಸಂಜೆ ಪಕ್ಕದ ಮನೆಯವರಿಗೆ ದಾಟಿಸಿ, ರಟ್ಟು ಕಿತ್ತ ಪ್ರತಿಗಳು ಬೀದಿಯನ್ನೆಲ್ಲ ಸುತ್ತಿ ಬಂದವು. ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಅವರಿಗೆ ಬಹುಕಾಲ ದೊರೆತದ್ದು ‘ಜನಪ್ರಿಯ’ ಎಂಬ ವಿಶೇಷಣವೂ ಒಂದೆರಡು ವಾಕ್ಯಗಳೂ ಮಾತ್ರ. ಸ್ತ್ರೀವಾದೀ ಅಧ್ಯಯನಗಳು ಬಂದ ಮೇಲೆ ಈ ಸ್ಥಿತಿ ಸುಧಾರಿಸಿತೆಂಬುದನ್ನು ನಾವು ಬಲ್ಲೆವು. ಆದರೆ ಆ ವಾಚಕಿಯರು ಕಂಡುದೇನೆಂಬ ಪ್ರಶ್ನೆಯನ್ನು ರಚನೆಯ ಮಟ್ಟದಲ್ಲಿ ಕೇಳುವ ಕೆಲಸ ಇನ್ನೂ ಸಾಕಷ್ಟಿದೆ.

‘ಶರಪಂಜರ’ವನ್ನೇ ತೆಗೆದುಕೊಳ್ಳಬಹುದು. ಹೆರಿಗೆಯ ಅನಂತರ ಕಾವೇರಿಯ ಮನಸ್ಸು ಕದಡುತ್ತದೆ, ಚಿಕಿತ್ಸೆಯಿಂದ ಗುಣವಾಗುತ್ತದೆ, ಗುಣವಾಗಿ ಬಂದವಳನ್ನು ಮನೆಯೂ ನೆರೆಹೊರೆಯೂ ಗುಣವಾದವಳೆಂದು ನಂಬುವುದಿಲ್ಲ. ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿದ ಲೇಖಕಿಯ ಶಾಸ್ತ್ರಜ್ಞಾನವನ್ನು ವಿಮರ್ಶಕರು ಶ್ಲಾಘಿಸಿರುವುದುಂಟು. ನಮ್ಮ ಎಣಿಕೆಯಲ್ಲಿ ಶಾಸ್ತ್ರಭಾಗವೇ ಈ ಕೃತಿಯ ದುರ್ಬಲಭಾಗ. ಕೆಲವೆಡೆ ಪಾತ್ರಗಳು ಪಾಠ ಒಪ್ಪಿಸುತ್ತವೆ, ಗಂಡನ ಚಿತ್ರವೂ ತೆಳುವಾಯಿತು. ಬಲವಿರುವುದು ಕಾಯಿಲೆ ಹೋದ ಮೇಲಿನ ದಿನಗಳಲ್ಲಿ. ಅವಳು ನಕ್ಕರೆ ಜೋರಾಗಿ ನಕ್ಕಳೆಂದು ಶಂಕೆ, ಸಿಟ್ಟಾದರೆ ಮರುಕಳಿಸಿತೆಂದು ಶಂಕೆ, ಸುಮ್ಮನಿದ್ದರೆ ಇನ್ನೂ ದೊಡ್ಡ ಶಂಕೆ. ಯಾವ ಹೆಂಗಸೂ ದಿನಬೆಳಗಾದರೆ ಮಾಡುವ ಕೆಲಸಗಳೆಲ್ಲ ಅವಳ ವಿಷಯದಲ್ಲಿ ಲಕ್ಷಣಗಳಾಗುತ್ತವೆ. ಓದುತ್ತ ಹೋದಂತೆ ನಾವೂ ಅವಳನ್ನು ಹಾಗೆಯೇ ಗಮನಿಸತೊಡಗಿದ್ದೇವೆಂಬುದು ಅರಿವಾಗುತ್ತದೆ; ಪಂಜರದ ಒಂದು ಶರ ವಾಚಕನ ಕೈಯಲ್ಲಿಯೂ ಇದೆ. ಇದನ್ನು ಕಣ್ಣೀರಿನ ಕಥೆಯೆಂದು ತಳ್ಳಿಹಾಕಿದವರು ಕಣ್ಣೀರು ಬರುವ ಸ್ಥಳವನ್ನು ಸರಿಯಾಗಿ ನೋಡಲಿಲ್ಲ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಕೈಗೆ ಈ ಪುಸ್ತಕವನ್ನು ಏನೂ ಹೇಳದೆ ಇಟ್ಟಾಗ, ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡಲಾಗದಿದ್ದ ಬಾಣಂತಿಯ ಮನೋರೋಗದ ಮಾತನ್ನು ಆಡಿದಂತಾಯಿತು. ಕಾವೇರಿಯ ಹೆಸರು ಹೇಳಿದರೆ ಸಾಕಾಗುತ್ತಿತ್ತು. ತನ್ನದನ್ನೋ ತನ್ನ ಅಕ್ಕತಂಗಿಯರದನ್ನೋ ಹೇಳಬೇಕಾಗಿರಲಿಲ್ಲ. ಸಾಹಿತ್ಯದಿಂದ ಏನು ಪ್ರಯೋಜನವೆಂದು ಮಮ್ಮಟನ ಪಟ್ಟಿಯನ್ನು ಒಪ್ಪಿಸುವ ನಾವು ಈ ಪ್ರಯೋಜನವನ್ನು ಎಲ್ಲಿ ಸೇರಿಸೋಣ?

ಮೆಚ್ಚುಗೆ ಬದಲಾಗುವಂಥದು, ಕಾಲದ ರುಚಿಗೆ ಒಳಪಟ್ಟದ್ದು, ಅದನ್ನು ಪ್ರಮಾಣವಾಗಿ ಹಿಡಿಯುವುದು ಹೇಗೆ ಎಂಬ ಆಕ್ಷೇಪವನ್ನು ನಾವು ನಿರೀಕ್ಷಿಸುತ್ತೇವೆ. ಆಕ್ಷೇಪ ನ್ಯಾಯವಾದುದೇ. ಚಲನಚಿತ್ರದಿಂದ ಬಂದ ಖ್ಯಾತಿಯನ್ನು ಪುಸ್ತಕದ ಖ್ಯಾತಿಯೆಂದು ಭ್ರಮಿಸುವವರು ಬೇಕಾದಷ್ಟಿದ್ದಾರೆ, ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ 1972ರಲ್ಲಿ ‘ನಾಗರಹಾವು’ ಚಿತ್ರ ಬಂದ ಮೇಲೆ, ಮೂರರಲ್ಲಿ ಒಂದನ್ನೂ ಓದದವರು ರಾಮಾಚಾರಿಯ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡಿದರು. ಮೆಚ್ಚುಗೆಯನ್ನು ತೀರ್ಪೆಂದು ಸ್ವೀಕರಿಸಿರೆಂದು ನಾವು ಹೇಳುತ್ತಿಲ್ಲ. ಸಾಕ್ಷ್ಯವೆಂದು ವಿಚಾರಿಸಿರೆಂದು ಹೇಳುತ್ತಿದ್ದೇವೆ. ಇಂಥ ವಿಚಾರಣೆಗೆ ಅಡ್ಡಿಯಾಗಿರುವುದು ನಮ್ಮ ತರಗತಿಗಳ ಒಂದು ಅಭ್ಯಾಸ. ನಿನ್ನ ಮೆಚ್ಚಿನ ಕಾದಂಬರಿ ಯಾವುದೆಂದು ವಿದ್ಯಾರ್ಥಿಯನ್ನು ಅಧ್ಯಾಪಕರು ಕೇಳಿದರೆ ಬರುವ ಉತ್ತರ ಒಂದು, ವಿದ್ಯಾರ್ಥಿನಿಲಯದ ಗೆಳೆಯ ಕೇಳಿದರೆ ಬರುವುದು ಇನ್ನೊಂದು. ಮೊದಲಿನದು ಪಠ್ಯಕ್ರಮದಿಂದ ಬಂದದ್ದು, ಸುರಕ್ಷಿತವಾದದ್ದು. ಎರಡನೆಯದು ಓದಿನಿಂದ ಬಂದದ್ದು. ಅಧ್ಯಾಪಕರೂ ಇದಕ್ಕೆ ಹೊರತಲ್ಲ. ವಿಚಾರಸಂಕಿರಣದಲ್ಲಿ ನಾವು ಹೆಸರಿಸುವ ಕೃತಿಗಳೂ, ರೈಲಿನಲ್ಲಿ ಕೈಚೀಲದಿಂದ ಹೊರತೆಗೆಯುವ ಕೃತಿಗಳೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಈ ಎರಡು ಪಟ್ಟಿಗಳು ಬೇರೆಬೇರೆಯಾಗಿಯೇ ಉಳಿದಷ್ಟು ಕಾಲ ಮೊದಲನೆಯದಕ್ಕೆ ಪ್ರಾಣವಿಲ್ಲ, ಎರಡನೆಯದಕ್ಕೆ ಪರೀಕ್ಷೆಯಿಲ್ಲ. ತನಗೆ ಹಿಡಿಸಿದ ಪುಸ್ತಕವನ್ನು ಅದರ ದೋಷಗಳೊಡನೆ ತರಗತಿಯ ಮುಂದಿಡಲು ಒಬ್ಬ ಅಧ್ಯಾಪಕನು ಸಿದ್ಧನಾದರೆ, ಮಾರ್ಗದರ್ಶಿ ಪುಸ್ತಿಕೆಗಳನ್ನು ಬಾಯಿಪಾಠ ಮಾಡಿ ಬಂದ ವಿದ್ಯಾರ್ಥಿಯೂ ತನ್ನ ಸ್ವಂತ ಮಾತನ್ನು ಹುಡುಕಬೇಕಾಗುತ್ತದೆ. ಏಕೆಂದರೆ ಆ ಪುಸ್ತಕಕ್ಕೆ ಮಾರ್ಗದರ್ಶಿ ಇರುವುದಿಲ್ಲ.

ಪಠ್ಯದಲ್ಲಿಯೇ ಇರುವ ಕೃತಿಗೂ ಸಹವಾಚಕನ ಮಾತು ಹೇಗೆ ಸಹಾಯಕವೆಂಬುದಕ್ಕೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನಿದರ್ಶನ. ಸುಮಾರು ಏಳುನೂರು ಪುಟಗಳ ಈ ಕಾದಂಬರಿಯನ್ನು ಕೈಗೆತ್ತಿಕೊಂಡು ನೂರನೆಯ ಪುಟದೊಳಗೆ ಕೆಳಗಿಟ್ಟವರು ಎಷ್ಟೋ ಮಂದಿ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ ಎಂದು ಮನೆಗಳು. ಮನೆಗೊಂದು ಯಜಮಾನಿಕೆ, ಯಜಮಾನರ ಹಿಂದೆ ಆಳುಗಳ ಕೇರಿಗಳು. ಯಾರು ಯಾರಿಗೆ ಏನಾಗಬೇಕೆಂಬುದೇ ತಿಳಿಯದು. ಈ ಗೊಂದಲಕ್ಕೆ ಪರಿಹಾರವಾಗಿ ನಾವು ತರಗತಿಗಳಲ್ಲಿ ವಂಶವೃಕ್ಷಗಳನ್ನು ಬರೆಸುತ್ತೇವೆ. ಓದಿ ದಾಟಿದವರು ಕೊಡುವ ಸಲಹೆ ಬೇರೆ: ಹೆಸರುಗಳನ್ನು ನೆನಪಿಡಲು ಹೋಗಬೇಡಿ, ನಾಯಿಗುತ್ತಿಯ ಹಿಂದೆ ನಡೆಯಿರಿ, ಅವನ ನಾಯಿ ಹುಲಿಯನ ಮೇಲೆ ಕಣ್ಣಿಡಿ. ವಿನೋದದ ಮಾತಿನಂತೆ ಕಂಡರೂ ಇದು ಕೃತಿಯ ರಚನೆಯನ್ನು ಬಲ್ಲವರ ಮಾತು. ಈ ಕಾದಂಬರಿಗೆ ನಾಯಕನಿಲ್ಲ, ಇರುವುದು ದಾರಿ. ಮೂವತ್ತು ವರ್ಷ ಹಿಂದಿನ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ಯಲ್ಲಿ (1936) ಓದುಗನು ಹೂವಯ್ಯನ ಪ್ರಜ್ಞೆಯ ಎತ್ತರದಲ್ಲಿ ನಿಂತು ಮಲೆನಾಡನ್ನು ಬಹುಮಟ್ಟಿಗೆ ಕಾಣುತ್ತಾನೆ. ಇಲ್ಲಿ ಎತ್ತರವೆಂಬುದಿಲ್ಲ. ಜೀತದಾಳೊಬ್ಬನು ತನ್ನ ಹುಡುಗಿಯನ್ನು ಪಡೆಯಲು ಕಾಡುದಾರಿ ಹಿಡಿದು ನಡೆದಂತೆ, ಅವನು ಯಾವ ಮನೆಯ ಅಂಗಳಕ್ಕೆ ಬಂದನೋ ಆ ಮನೆ ಕಾದಂಬರಿಯೊಳಗೆ ತೆರೆಯುತ್ತದೆ. ಗೌಡರ ಮನೆಗಳೆಲ್ಲ ಅವನ ದಾರಿಯ ಮಗ್ಗುಲಲ್ಲಿರುವ ತಾಣಗಳಾಗುತ್ತವೆ. ವಂಶವೃಕ್ಷವನ್ನು ಬರೆದವನಿಗೆ ಗುತ್ತಿ ಅದರಲ್ಲಿ ಸಿಗುವುದಿಲ್ಲ. ಅವನಿಗೆ ಅಂಥ ವೃಕ್ಷವಿಲ್ಲ. ಹುಲಿಯನಿಗಂತೂ ಕೇಳುವುದೇ ಬೇಡ.

ಈ ಸಲಹೆ ಕೊಡುವವರು ಒಂದು ವಿಷಯದಲ್ಲಿ ಬಹಳ ಎಚ್ಚರಿಕೆಯುಳ್ಳವರು. ಹುಲಿಯನ ಮೇಲೆ ಕಣ್ಣಿಡಿ ಎನ್ನುತ್ತಾರೆ. ಏಕೆಂದು ಕೇಳಿದರೆ ಹೇಳುವುದಿಲ್ಲ. ವಿಮರ್ಶಾಗ್ರಂಥಗಳಲ್ಲಿ ಆ ಸಂಗತಿ ಮೊದಲ ಪುಟಗಳಲ್ಲಿಯೇ ಸಂಕೇತದ ಅರ್ಥವಿವರಣೆಯೊಡನೆ ಸಿಕ್ಕೀತು. ನಾವೂ ಅದನ್ನು ಇಲ್ಲಿ ಬರೆಯುವುದಿಲ್ಲ. ಈ ಸಂಚಿಕೆಯನ್ನು ನೋಡುವ ವಿದ್ಯಾರ್ಥಿಗಳಲ್ಲಿ ಆ ಪುಟವನ್ನು ಇನ್ನೂ ಮುಟ್ಟದವರು ಇದ್ದಾರು.